ಕಾರ್ಡಿನಿಂದ ಸ್ಟಾಂಪ್ ಕೀಳಬೇಡಿ

ಹೊರದೇಶದಿಂದ ಪೋಸ್ಟ್‌ಕಾರ್ಡ್ ಬಂದ ಕೂಡಲೇ ಅದನ್ನು ಬೋಗುಣಿ ನೀರಿಗೆ ಹಾಕಿ ಸ್ಟಾಂಪ್ ಬಿಡಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಶಾಲೆಯಲ್ಲಿದ್ದಾಗ ಹತ್ತಿದ ಚಟ. ಲಕೋಟೆಯಾದರೆ ಸರಿ, ಕಾರ್ಡಿಗೆ ಮಾತ್ರ ಹಾಗೆ ಮಾಡಲೇಬಾರದು. ಬಿಡಿಸಿಟ್ಟ ಸ್ಟಾಂಪ್ ಎಷ್ಟೇ ಚೆಂದವಿರಲಿ, ಅಂಥವು ಲಕ್ಷಗಟ್ಟಲೆ ಅಚ್ಚಾಗಿರುತ್ತವೆ, ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತವೆ. ಅದೇ ಸ್ಟಾಂಪು ಕಾರ್ಡಿನ ಮೇಲಿದ್ದು, ಅಂಚೆ ಸೀಲು ಅರ್ಧ ಅದರ ಮೇಲೆ ಅರ್ಧ ಕಾರ್ಡಿನ ಮೇಲೆ ಬಿದ್ದಿದ್ದರೆ, ಯಾವ ಊರಿನಿಂದ, ಯಾವ ದಿನ, ಎಷ್ಟು ದರಕ್ಕೆ, ಯಾವ ಸುತ್ತು ಹಾಕಿಕೊಂಡು ನಿಮ್ಮ ಮನೆಗೆ ಬಂತು ಎಂಬುದಕ್ಕೆಲ್ಲ ಅಲ್ಲೇ ಸಾಕ್ಷಿ ಇರುತ್ತದೆ. ಕಿತ್ತ ಮೇಲೆ ಎರಡೂ ಕೆಲಸಕ್ಕೆ ಬಾರವು. ಕಾರ್ಡಿನ ಮೂಲೆಯಲ್ಲಿ ಒಂದು ಕಿಟಕಿ, ಸ್ಟಾಂಪಿನ ಮೇಲೆ ಅರ್ಥವಾಗದ ಕಾಲು ಭಾಗ ಸೀಲು.

ಇನ್ನೊಂದು ಕಾರಣವೂ ಇದೆ. ಕಾರ್ಡಿನ ರಟ್ಟು ಹಲವು ಪದರ ಸೇರಿ ಆದದ್ದು, ಚಿತ್ರದ ಬದಿಗೆ ಹೊಳಪಿನ ಲೇಪ ಇರುತ್ತದೆ. ನೀರು ಕುಡಿದರೆ ಪದರ ಬಿಚ್ಚಿಕೊಂಡು ಲೇಪ ಗುಳ್ಳೆ ಏಳುತ್ತದೆ, ಜೆಲ್ ಪೆನ್ನಿನ ಬರಹ ನೀಲಿ ಕಲೆಯಾಗಿ ಹರಡುತ್ತದೆ. ಒಣಗಿದ ಮೇಲೆ ಹಪ್ಪಳದ ಹಾಗೆ ಸೊಟ್ಟಗಾದ ಕಾರ್ಡು ಮತ್ತೆ ನೇರವಾಗುವುದಿಲ್ಲ.

ಆದ್ದರಿಂದ ಕಾರ್ಡನ್ನು ಇಡಿಯಾಗಿಯೇ ಇಟ್ಟುಕೊಂಡು ಓದಲು ಕಲಿಯಬೇಕು. ಚಿತ್ರದ ಬದಿಯನ್ನು ಎಲ್ಲರೂ ನೋಡುತ್ತಾರೆ. ಸ್ವಾರಸ್ಯವೆಲ್ಲ ಇರುವುದು ಹಿಂಬದಿಯಲ್ಲಿ.

ಯಾವ ದೇಶ?

ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕೆಂದೇನಿಲ್ಲ. ‘ಹೆಲ್ವೇಷಿಯಾ’ ಎಂದರೆ ಸ್ವಿಟ್ಜರ್ಲೆಂಡ್. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ನಾಲ್ಕೂ ನಡೆಯುವುದರಿಂದ ಯಾವುದಕ್ಕೂ ಸೇರದ ಲ್ಯಾಟಿನ್ ಹೆಸರು ಹಾಕುತ್ತಾರೆ. ‘ಮಾಜ್ಯಾರ್’ ಹಂಗೆರಿ, ‘ಸುವೋಮಿ’ ಫಿನ್ಲೆಂಡ್, ‘ಸ್ವೆರಿಯೆ’ ಸ್ವೀಡನ್, ‘ಹೃವಾತ್ಸ್ಕಾ’ ಕ್ರೊಯೇಷಿಯಾ, ‘ಎಸ್ತಿ’ ಎಸ್ಟೋನಿಯಾ, ‘ಹೆಲ್ಲಾಸ್’ ಗ್ರೀಸ್. ‘ಆರ್‌ಎಫ್’ ಎಂಬ ಎರಡಕ್ಷರ ಮೂಲೆಯಲ್ಲಿದ್ದರೆ ಫ್ರಾನ್ಸ್. ‘ಸಿಸಿಸಿಪಿ’ ಎಂದು ಕಾಣುವುದು ರಷ್ಯನ್ ಲಿಪಿಯ ಎಸ್‌ಎಸ್‌ಎಸ್‌ಆರ್, ಅಂದರೆ ಹಳೆಯ ಸೋವಿಯತ್ ಒಕ್ಕೂಟ. ಜಪಾನಿನ ಸ್ಟಾಂಪುಗಳಲ್ಲಿ 1966ರಿಂದ ರೋಮನ್ ಅಕ್ಷರದಲ್ಲಿ ‘ನಿಪ್ಪೋನ್’ ಎಂದಿರುತ್ತದೆ, ಅದಕ್ಕೂ ಹಿಂದಿನವುಗಳಲ್ಲಿ ಹೆಚ್ಚಾಗಿ ಜಪಾನಿ ಲಿಪಿ. ಹೆಸರೇ ಇಲ್ಲದೆ ಮೂಲೆಯಲ್ಲಿ ರಾಜ ಅಥವಾ ರಾಣಿಯ ತಲೆ ಮಾತ್ರ ಇದ್ದರೆ ಬ್ರಿಟನ್. ಸ್ಟಾಂಪ್ ಮೊದಲು ಹೊರಡಿಸಿದವರು ತಾವೇ, 1840ರಲ್ಲಿ, ಎಂಬ ಹಕ್ಕಿನಿಂದ ಅವರು ಇಂದಿಗೂ ದೇಶದ ಹೆಸರು ಹಾಕುವುದಿಲ್ಲ.

ಮನೆಯ ಹಳೆ ಟ್ರಂಕಿನಲ್ಲಿ ಸಿಗುವ ಕಾರ್ಡುಗಳಲ್ಲಿ ಈಗ ನಕಾಶೆಯಲ್ಲೇ ಇಲ್ಲದ ಹೆಸರುಗಳೂ ಇರುತ್ತವೆ. ‘ಡಿಡಿಆರ್’ ಎಂದರೆ 1990ರಲ್ಲಿ ಇಲ್ಲವಾದ ಪೂರ್ವ ಜರ್ಮನಿ. ‘ಸಿಲೋನ್’ ಎಂದಿದ್ದರೆ ಶ್ರೀಲಂಕಾ ಎಂದು ಹೆಸರು ಬದಲಾದ 1972ಕ್ಕೂ ಹಿಂದಿನದು. ‘ರೊಡೇಷಿಯಾ’ ಈಗಿನ ಜಿಂಬಾಬ್ವೆ. ತೀರಾ ಹಳೆಯ ಚಿತ್ರಕಾರ್ಡಾದರೆ ಹಿಂಬದಿಯ ನಡುಗೆರೆ ನೋಡಿ. ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು ಹಿಂಬದಿಯನ್ನು ಇಬ್ಭಾಗ ಮಾಡಲು ಬ್ರಿಟನ್ 1902ರಲ್ಲಿ, ಫ್ರಾನ್ಸ್ 1904ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಒಪ್ಪಿದವು. ಒಕ್ಕಣೆಯನ್ನು ಚಿತ್ರದ ಸುತ್ತ ಖಾಲಿ ಜಾಗದಲ್ಲಿ ತುರುಕಿ, ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆದಿದ್ದರೆ ಅದು ಈ ವರ್ಷಗಳಿಗಿಂತ ಹಿಂದಿನದಾಗಿರುವ ಸಂಭವ ಹೆಚ್ಚು.

ತಾರೀಖು ಓದುವ ಪಜೀತಿ

ಹೆಚ್ಚಿನವರು ಎಡವುವುದು ಇಲ್ಲೇ. ಸೀಲಿನ ತಾರೀಖು ನಮ್ಮ ಕ್ರಮದಲ್ಲೇ ಇದೆ ಎಂದುಕೊಂಡು ಓದಿಬಿಡುತ್ತಾರೆ. ಜಪಾನಿನ ಕಾರ್ಡೊಂದರ ಮೇಲೆ 6.5.12 ಎಂದಿದೆ ಎನ್ನಿ. ನಾವು 2012ರ ಮೇ 6 ಎನ್ನುತ್ತೇವೆ. ಜಪಾನಿ ಲಿಪಿಯ ಸೀಲಿನಲ್ಲಿ ಮೊದಲು ಬರುವುದು ವರ್ಷ, ಅದೂ ಚಕ್ರವರ್ತಿಯ ಆಳ್ವಿಕೆಯ ವರ್ಷ. ಈಗ ನಡೆಯುತ್ತಿರುವುದು 2019ರ ಮೇ 1ಕ್ಕೆ ಶುರುವಾದ ರೇವಾ ಶಕೆ. ಅದಕ್ಕೆ 2018 ಕೂಡಿಸಿದರೆ ನಮ್ಮ ಇಸವಿ. ಅಲ್ಲಿಗೆ ಆ ಕಾರ್ಡು 2024ರ ಮೇ 12ರದು. ಅದಕ್ಕೂ ಹಿಂದಿನ ಹೇಸೆ ಶಕೆಗೆ 1988 ಕೂಡಿಸಬೇಕು, ಅದರ ಹಿಂದಿನ ಶೋವಾಕ್ಕೆ 1925. ಹಾಗಾದರೆ ಆ 6 ಎಂಬುದು 2024ರದೋ, 1994ರದೋ, 1931ರದೋ? ಸೀಲಿನಲ್ಲಿ ಅದಕ್ಕೆ ಉತ್ತರವಿಲ್ಲ, ಸ್ಟಾಂಪಿನಲ್ಲಿದೆ. ಜಪಾನಿನಿಂದ ಹೊರದೇಶಕ್ಕೆ ವಿಮಾನದಲ್ಲಿ ಕಾರ್ಡು ಕಳಿಸುವ ದರ 2023ರ ಅಕ್ಟೋಬರಿನಲ್ಲಿ 70 ಯೆನ್‌ನಿಂದ 100 ಯೆನ್‌ಗೆ ಏರಿತು. ಒಟ್ಟು 100 ಯೆನ್ ಸ್ಟಾಂಪಿದ್ದರೆ ರೇವಾ ಎನ್ನುವುದಕ್ಕೆ ಒಂದು ಆಧಾರ ಸಿಕ್ಕಿತು, ಸ್ಟಾಂಪಿನ ಚಿತ್ರವನ್ನು ಕ್ಯಾಟಲಾಗಿನಲ್ಲಿ ಹುಡುಕಿದರೆ ಅನುಮಾನ ಪೂರ್ತಿ ಕಳೆಯಿತು. ಸ್ಟಾಂಪನ್ನೂ ಸೀಲನ್ನೂ ಬೇರೆ ಮಾಡಬೇಡಿ ಎನ್ನುವುದು ಈ ಕಾರಣಕ್ಕೆ. ಹೊರದೇಶಕ್ಕೆಂದೇ ಹೊಡೆಯುವ ರೋಮನ್ ಅಕ್ಷರದ ಸೀಲಾದರೆ ಈ ತಲೆನೋವಿಲ್ಲ, ಕ್ರಿಸ್ತ ಶಕವೇ ಇರುತ್ತದೆ.

ಶಾಲಿವಾಹನ ಶಕೆಗೆ 78 ಕೂಡಿಸಿ ಇಸವಿ ಹೇಳುವ ಲೆಕ್ಕ ಪಂಚಾಂಗ ನೋಡುವ ನಮಗೆ ಹೊಸದಲ್ಲ, ಇವೂ ಅಂಥವೇ. ಥಾಯ್ಲೆಂಡಿನ ಬೌದ್ಧ ಶಕೆಯಿಂದ 543 ಕಳೆಯಬೇಕು, 2567 ಎಂದರೆ 2024. ತೈವಾನಿನ ಗಣರಾಜ್ಯದ ವರ್ಷಕ್ಕೆ 1911 ಕೂಡಿಸಬೇಕು, 113 ಎಂದರೂ 2024. ನೇಪಾಳದ ವಿಕ್ರಮ ಸಂವತ್ಸರದಿಂದ 57 ಕಳೆದರೆ ಹತ್ತಿರ ಬರುತ್ತದೆ, ಅವರ ವರ್ಷದ ಕೊನೆಯ ಮೂರೂವರೆ ತಿಂಗಳಲ್ಲಿ 56. ಚೀನಾದ ಸೀಲಿನಲ್ಲಿ ವರ್ಷ, ತಿಂಗಳು, ದಿನ ಆದ ಮೇಲೆ ನಾಲ್ಕನೆಯ ಸಂಖ್ಯೆಯೊಂದಿರುತ್ತದೆ, ಅದು ಗಂಟೆ. ಹಂಗೆರಿಯವರೂ ವರ್ಷವನ್ನೇ ಮೊದಲು ಬರೆಯುತ್ತಾರೆ. ಯುರೋಪಿನ ಹಳೆಯ ಸೀಲುಗಳಲ್ಲಿ ತಿಂಗಳು ರೋಮನ್ ಅಂಕಿಯಲ್ಲಿರುವುದೂ ಉಂಟು.

ಸೀಲುಗಳಲ್ಲೇ ಅತಿ ಚೆಂದದ್ದು ಯಾವುದು ಎಂದರೆ ನನ್ನ ಓಟು ಜಪಾನಿನ ‘ಫೂಕೆ ಇನ್’ಗೆ. ಸುಮಾರು 36 ಮಿಲಿಮೀಟರ್ ಅಗಲದ, ಕೆಂಪು ಕಂದು ಮಸಿಯ ಚಿತ್ರಮುದ್ರೆ ಅದು. ಆಯಾ ಅಂಚೆ ಕಚೇರಿಯ ಸುತ್ತಮುತ್ತಲಿನ ಬೆಟ್ಟ, ಕೋಟೆ, ಸೇತುವೆ, ಹೂವು ಅದರೊಳಗೆ ಇರುತ್ತದೆ. ಕೌಂಟರಿನಲ್ಲಿ ಕೇಳಿದರೆ ಮಾತ್ರ ಹೊಡೆಯುತ್ತಾರೆ, ಡಬ್ಬಿಗೆ ಹಾಕಿದ ಕಾರ್ಡಿಗೆ ಸಿಗುವುದು ಸಾಮಾನ್ಯ ಕಪ್ಪು ಸೀಲು. ಜಪಾನಿಗೆ ಹೋಗುವ ಪರಿಚಯದವರಿದ್ದರೆ ಮೊದಲೇ ಹೇಳಿಟ್ಟಿರಿ.

ಸೀಲಿನ ಆಚೆಗೂ ಗುರುತುಗಳಿರುತ್ತವೆ. ಜರ್ಮನಿಯ ಕಾರ್ಡುಗಳ ಕೆಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಸಣ್ಣ ಗೆರೆಗಳ ಸಾಲು ಇರುತ್ತದೆ. ಅದು ವಿಂಗಡಿಸುವ ಯಂತ್ರ ಒತ್ತಿದ ಬಾರ್‌ಕೋಡ್, ಕೊಳೆಯಲ್ಲ, ರಬ್ಬರಿನಿಂದ ಉಜ್ಜಬೇಡಿ. ಅಮೆರಿಕದ ಕಾರ್ಡಿನ ಕೆಳಗೆ ಬಿಳಿ ಪಟ್ಟಿ ಅಂಟಿಸಿದ್ದರೆ ಅದರಡಿ ಒಕ್ಕಣೆ ಮುಚ್ಚಿಹೋಗಿದ್ದರೂ ಕೀಳಲು ಹೋಗಬೇಡಿ, ಅಕ್ಷರವೂ ಅದರ ಜೊತೆಗೇ ಎದ್ದು ಬರುತ್ತದೆ. ಟಿ ಅಕ್ಷರದ ಮುದ್ರೆ ಇದ್ದರೆ ಕಳಿಸಿದವರು ಸಾಕಷ್ಟು ಸ್ಟಾಂಪ್ ಹಚ್ಚಿಲ್ಲ ಎಂದರ್ಥ. ಇನ್ನು ದಾರಿ ತಪ್ಪಿ ಬೇರೆ ದೇಶಕ್ಕೆ ಹೋಗಿ, ಅಲ್ಲಿಯವರು ‘ಮಿಸ್‌ಸೆಂಟ್’ ಎಂದು ಮುದ್ರೆ ಒತ್ತಿ ಇಲ್ಲಿಗೆ ತಿರುಗಿಸಿದ ಕಾರ್ಡು ಸಿಕ್ಕರೆ ಹಬ್ಬ. ಕೊಳೆಯಾಗಿ, ತಡವಾಗಿ, ಮೂಲೆ ಮಡಚಿಕೊಂಡು ಬಂದ ಅಂಥ ಕಾರ್ಡಿಗೆ ಗರಿಗರಿ ಕಾರ್ಡಿಗಿಂತ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು.

ಸ್ಟಾಂಪಿನ ಮೇಲೆ ಬೆಲೆಯೇ ಇಲ್ಲ ಎಂದು ಗಾಬರಿಯಾಗಬೇಡಿ. ಅಮೆರಿಕದ ದುಂಡನೆಯ ‘ಗ್ಲೋಬಲ್ ಫಾರೆವರ್’ 2013ರಿಂದ ಬರುತ್ತಿದೆ. ಕೊಂಡಾಗ ಎಷ್ಟೇ ಕೊಟ್ಟಿರಲಿ, ಹಚ್ಚಿದ ದಿನದ ಹೊರದೇಶದ ದರಕ್ಕೆ ಸಾಕು. ಬ್ರಿಟನ್ನಿನ ದಿನಬಳಕೆಯ ಸ್ಟಾಂಪುಗಳಿಗೆ 2022ರಿಂದ ಪಕ್ಕದಲ್ಲಿ ಬಾರ್‌ಕೋಡ್ ಬಂದಿದೆ. ಲಕೋಟೆಯಿಂದ ಕತ್ತರಿಸುವಾಗ ಅದು ಬೇರೆ ಚೀಟಿ ಎಂದುಕೊಂಡು ಬಿಟ್ಟರೆ ಅರ್ಧ ಸ್ಟಾಂಪ್ ಕಳಕೊಂಡಿರಿ.

ಕಾರ್ಡು ಬರುವಂತೆ ಮಾಡುವುದು

ಬಂಧುಗಳು ಹೊರದೇಶದಲ್ಲಿದ್ದರೆ ಸುಲಭ ಎಂದುಕೊಳ್ಳುತ್ತೇವೆ. ಆದರೆ ಸ್ಯಾನ್ ಹೋಸೆಯಲ್ಲಿರುವ ಚಿಕ್ಕಪ್ಪನ ಮಗ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕೊಟ್ಟರೆ ಕೌಂಟರಿನವರು ಬೆಲೆ ಅಚ್ಚಾದ ಬಿಳಿ ಲೇಬಲ್ ಒಂದನ್ನು ಅಂಟಿಸಿ ಕಳಿಸಿಬಿಡಬಹುದು. ‘ಚಿತ್ರದ ಸ್ಟಾಂಪ್ ಕೇಳಿ ತಗೊಂಡು ನೀನೇ ಅಂಟಿಸು, ಸೀಲು ಕೈಯಿಂದ ಹೊಡೆಯೋಕೆ ಹೇಳು’ ಎಂದು ಬಿಡಿಸಿ ಹೇಳಬೇಕು. ಲಕೋಟೆಯೊಳಗೆ ಕಾರ್ಡಿಟ್ಟು ಕಳಿಸಿದರೆ ಕಾರ್ಡು ಹೊಸದಾಗಿಯೇ ಬರುತ್ತದೆ, ಆದರೆ ಅಂಚೆಯ ಗುರುತೊಂದೂ ಅದರ ಮೇಲೆ ಇರುವುದಿಲ್ಲ.

ಯಾರೂ ಪರಿಚಯದವರಿಲ್ಲದವರಿಗೆ ಪೋಸ್ಟ್‌ಕ್ರಾಸಿಂಗ್ ಎಂಬ ಜಾಲತಾಣ ಇದೆ. ಪೋರ್ಚುಗಲ್ಲಿನ ಪೌಲೊ ಮಗಲ್ಯಾಯ್ಸ್ 2005ರ ಜುಲೈಯಲ್ಲಿ ಶುರು ಮಾಡಿದ್ದು. ಖಾತೆ ತೆರೆದು ವಿಳಾಸ ಕೇಳಿದರೆ ಯಾವುದೋ ದೇಶದ ಒಬ್ಬರ ವಿಳಾಸವೂ ಒಂದು ಗುರುತು ಸಂಖ್ಯೆಯೂ ಸಿಗುತ್ತದೆ. ದೇಶದ ಎರಡಕ್ಷರ, ಅಡ್ಡಗೆರೆ, ಆಮೇಲೆ ಅಂಕಿಗಳು. ಅವರು ಕಾರ್ಡು ಕೈಗೆ ಬಂದ ಮೇಲೆ ಆ ಸಂಖ್ಯೆ ದಾಖಲಿಸಿದರೆ ನಿಮ್ಮ ವಿಳಾಸ ಇನ್ನಾರಿಗೋ ಹೋಗುತ್ತದೆ, ಅವರಿಂದ ನಿಮಗೆ ಕಾರ್ಡು. ಕಳಿಸಿದವರಿಂದಲೇ ವಾಪಸು ಬರುವುದಿಲ್ಲ. ಹೊಸಬರು ಒಮ್ಮೆಗೆ ಐದು ಕಾರ್ಡು ಮಾತ್ರ ದಾರಿಯಲ್ಲಿ ಇಟ್ಟಿರಬಹುದು. 60 ದಿನ ಕಳೆದರೂ ತಲುಪದ ಕಾರ್ಡಿನ ಜಾಗ ತೆರವಾಗಿ ಇನ್ನೊಂದನ್ನು ಕಳಿಸಲು ಬಿಡುತ್ತಾರೆ, ಆಮೇಲೆ ಅದು ತಲುಪಿದರೂ ಒಂದು ವರ್ಷದವರೆಗೆ ದಾಖಲಿಸಬಹುದು.

ಆ ಸಂಖ್ಯೆಯನ್ನು ಎರಡು ಕಡೆ ಬರೆಯಿರಿ, ಒಂದನ್ನು ವಿಳಾಸದಿಂದ ದೂರ, ಎಡಭಾಗದಲ್ಲಿ. ಸೀಲಿನ ಮಸಿ ಒಂದರ ಮೇಲೆ ಬಿದ್ದರೂ ಇನ್ನೊಂದು ಉಳಿಯುತ್ತದೆ. ಬಾಲ್ ಪೆನ್ನೇ ಬಳಸಿ. ಹೊಳಪಿನ ರಟ್ಟಿನ ಮೇಲೆ ಅದೂ ಬೇಗ ಒಣಗುವುದಿಲ್ಲ, ಬರೆದು ಹತ್ತು ನಿಮಿಷ ಹಾಗೇ ಬಿಡಿ. ಕೆಳಗಿನ ಒಂದೂವರೆ ಸೆಂಟಿಮೀಟರ್ ಖಾಲಿ ಇರಲಿ, ಯಂತ್ರದ ಗೆರೆಗಳು ಬೀಳುವುದು ಅಲ್ಲೇ. ಕಾರ್ಡಿನ ಅಳತೆಗೂ ಅಂತರರಾಷ್ಟ್ರೀಯ ನಿಯಮವಿದೆ: 9×14 ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು, 12×23.5 ಮೀರಬಾರದು. ಎಲೆಯಾಕಾರ, ಆನೆಯಾಕಾರ ಎಂದು ಕತ್ತರಿಸಿದ ಕಾರ್ಡಿಗೆ ಕಾಗದದ ದರ ಕೇಳುವುದುಂಟು. ದರ ಆಗಾಗ ಬದಲಾಗುವುದರಿಂದ ಸ್ಟಾಂಪ್ ಕೊಳ್ಳುವಾಗಲೇ ‘ಫಾರಿನ್ ಪೋಸ್ಟ್‌ಕಾರ್ಡಿಗೆ ಎಷ್ಟು’ ಎಂದು ಕೇಳಿಬಿಡಿ. ಚೆಂದದ ಸ್ಟಾಂಪ್ ಬೇಕಿದ್ದರೆ ಬೆಂಗಳೂರಿನವರಿಗೆ ಜಿಪಿಒದ ಫಿಲಾಟೆಲಿ (ಸ್ಟಾಂಪ್ ಸಂಗ್ರಾಹಕರ) ವಿಭಾಗವೇ ಸರಿ.

ನಿಮ್ಮ ವಿಳಾಸವನ್ನು ಖಾತೆಯಲ್ಲಿ ಹಾಕುವಾಗ ಜಿಪುಣರಾಗಿ. ಮನೆಯ ಹೆಸರು, ಮಹಡಿ, ಕ್ರಾಸು, ಮೇನು, ಸ್ಟೇಜು, ದೇವಸ್ಥಾನದ ಹಿಂದೆ, ಬಸ್ ಸ್ಟಾಪಿನ ಎದುರು ಎಂದೆಲ್ಲ ಒಂಬತ್ತು ಸಾಲು ಕೊಟ್ಟರೆ ಫಿನ್ಲೆಂಡಿನವರು ಅದನ್ನು ಅರ್ಧ ಕಾರ್ಡಿನಲ್ಲಿ ಹೇಗೆ ಹಿಡಿಸಬೇಕು? ಹೆಸರು, ಮನೆ ಸಂಖ್ಯೆ ಮತ್ತು ರಸ್ತೆ, ಬಡಾವಣೆ, ಊರು ಮತ್ತು ಪಿನ್, ಕೊನೆಗೆ ದೊಡ್ಡಕ್ಷರದಲ್ಲಿ ಇಂಡಿಯಾ. ಐದು ಸಾಲು ಸಾಕು. ಇಂಗ್ಲಿಷಿನಲ್ಲೇ ಕೊಡಿ, ಕನ್ನಡ ಅಕ್ಷರಗಳನ್ನು ನೋಡಿ ಬಿಡಿಸಲು ಹೋಗಿ ಅವರು ಒತ್ತಕ್ಷರ ಬಿಟ್ಟರೆ ಪೋಸ್ಟ್‌ಮ್ಯಾನ್‌ಗೇ ಕಷ್ಟ. ಪಿನ್‌ನ ಆರೂ ಅಂಕಿ ಸರಿಯಿದ್ದರೆ ಬೀದಿಯ ಹೆಸರಿನಲ್ಲಿ ಅಕ್ಷರ ತಪ್ಪಿದರೂ ಕಾರ್ಡು ನಿಮ್ಮ ಪೋಸ್ಟ್ ಆಫೀಸಿನವರೆಗಂತೂ ಬರುತ್ತದೆ.

ಶಾರ್ಟ್‌ವೇವ್ ಕೇಳುವವರಿಗೆ, ನಮ್ಮ ಪ್ರಸಾರ ನೀವು ಕೇಳಿದ್ದು ನಿಜ ಎಂದು ಖಚಿತಪಡಿಸಿ ರೇಡಿಯೊ ನಿಲಯಗಳು ಕಳಿಸುವ ಕ್ಯುಎಸ್‌ಎಲ್ ಕಾರ್ಡುಗಳನ್ನೂ ಈ ಸಾಲಿಗೇ ಸೇರಿಸಿ. ಅದರಲ್ಲಿ ತರಂಗಾಂತರ, ಗಂಟೆ, ದಿನ ಬರೆದಿರುತ್ತದೆ. ಅವು ಬಂದ ಲಕೋಟೆಯನ್ನೂ ಜೊತೆಗೇ ಇಡಿ.

ಲಕೋಟೆಯ ಸ್ಟಾಂಪ್ ಬಿಡಿಸುವುದು

ಇಲ್ಲಿ ನೀರು ಬಳಸಬಹುದು. ಆದರೆ ಮೊದಲು ಲಕೋಟೆಯನ್ನೊಮ್ಮೆ ನೋಡಿ. ಸೀಲು ಸ್ಪಷ್ಟವಾಗಿದ್ದು ಊರಿನ ಹೆಸರು ಓದಲು ಬರುತ್ತಿದ್ದರೆ ಅದನ್ನೂ ಇಡಿಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಸೀಲು ಮಸಿ ಮೆತ್ತಿದಂತಿದ್ದರೆ ಸ್ಟಾಂಪಿನ ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಆಮೇಲೆ ಅಂಚಿನ ಹಲ್ಲು ನೋಡಿ. ಹಲ್ಲಿನ ತುದಿಯಲ್ಲಿ ಕಾಗದದ ಎಳೆಗಳು ಹರಿದಂತೆ ಒರಟಾಗಿ ಕಂಡರೆ ಅದು ಹಳೆ ಪದ್ಧತಿಯ, ನೀರಿಗೆ ಕರಗುವ ಅಂಟಿನದು. ಹಲ್ಲು ಅಲೆಯಂತೆ ನುಣುಪಾಗಿ, ಕತ್ತರಿಸಿಟ್ಟಂತಿದ್ದರೆ ಸ್ಟಿಕ್ಕರ್ ಜಾತಿಯದು. ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದ ಅಮೆರಿಕದ ಸ್ಟಿಕ್ಕರ್ ಸ್ಟಾಂಪುಗಳು ಹೆಚ್ಚಾಗಿ ನೀರಿಗೆ ಬಗ್ಗುವುದಿಲ್ಲ. ಗಂಟೆಗಟ್ಟಲೆ ನೆನೆಸಿದರೆ ಕಾಗದ ಗಂಜಿಯಾಗುತ್ತದೆ, ಅಂಟು ಹಿಂದೆ ಹಾಗೇ ಉಳಿಯುತ್ತದೆ, ಒಣಗಿದ ಮೇಲೆ ಆಲ್ಬಮ್ಮಿಗೇ ಕಚ್ಚಿಕೊಳ್ಳುತ್ತದೆ. ಅಂಥವನ್ನು ನಾಲ್ಕೈದು ಮಿಲಿಮೀಟರ್ ಅಂಚು ಬಿಟ್ಟು ಚೌಕವಾಗಿ ಕತ್ತರಿಸಿ ಕಾಗದದ ಮೇಲೇ ಉಳಿಸಿಕೊಳ್ಳಿ. ಸಿಗರೇಟ್ ಲೈಟರಿಗೆ ತುಂಬುವ ದ್ರವವನ್ನು ಹಿಂದಿನಿಂದ ಹನಿಸಿ ಬಿಡಿಸುವವರಿದ್ದಾರೆ. ಕೆಲಸ ಆಗುತ್ತದೆ, ಆದರೆ ಕೆಲವು ಮುದ್ರಣದ ಬಣ್ಣವನ್ನೂ ಅದು ಕರಗಿಸುತ್ತದೆ, ಮೇಲಾಗಿ ಫಕ್ಕನೆ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯ ಹತ್ತಿರವಂತೂ ಬೇಡ.

ಕೆಂಪು, ಹಸಿರು, ಕಡು ನೀಲಿ ಲಕೋಟೆಯ ತುಂಡುಗಳನ್ನು ಬೇರೆ ತೆಗೆದಿಡಿ. ಕ್ರಿಸ್ಮಸ್ ಹೊತ್ತಿನ ಕೆಂಪು ಲಕೋಟೆ ಒಂದೇ ಒಂದು ಇದ್ದರೂ ಬೋಗುಣಿಯಲ್ಲಿರುವ ಎಲ್ಲ ಸ್ಟಾಂಪೂ ಗುಲಾಬಿಯಾಗುತ್ತವೆ. ಉಗುರುಬೆಚ್ಚಗಿನ ನೀರಿಗೆ ಒಮ್ಮೆಗೆ ಇಪ್ಪತ್ತರಷ್ಟು ಹಾಕಿ, ಹದಿನೈದರಿಂದ ಇಪ್ಪತ್ತು ನಿಮಿಷ ಬಿಡಿ. ತಾನಾಗಿ ಜಾರಬೇಕು. ಜಾರದಿದ್ದರೆ ಇನ್ನಷ್ಟು ಹೊತ್ತು. ಎಳೆಯಲೇಬೇಕಾದರೆ ಸ್ಟಾಂಪನ್ನು ಮಟ್ಟಸವಾಗಿ ಹಿಡಿದು ಕಾಗದವನ್ನು ಎಳೆಯಿರಿ, ಸ್ಟಾಂಪನ್ನು ಎಳೆದರೆ ಹಿಂಬದಿಯ ಪದರ ಕಿತ್ತು ನಡುವೆ ತೆಳ್ಳಗಾಗುತ್ತದೆ. ಬೆಳಕಿಗೆ ಹಿಡಿದಾಗ ಕಾಣುವ ಆ ತೆಳು ಜಾಗವೇ ಸ್ಟಾಂಪಿನ ಬೆಲೆ ಕಳೆಯುವುದು. ಬಿಡಿಸಿದ್ದನ್ನು ಇನ್ನೊಂದು ಬೋಗುಣಿಯ ಶುದ್ಧ ನೀರಿನಲ್ಲಿ ಅದ್ದಿ, ಹಿಂದೆ ಜಿಗುಟು ಉಳಿದಿದೆಯೇ ಎಂದು ಬೆರಳಲ್ಲಿ ಸವರಿ ನೋಡಿ. ಉಳಿದಿದ್ದರೆ ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತದೆ. ಮುಖ ಕೆಳಗೆ ಮಾಡಿ ಅಚ್ಚಿಲ್ಲದ ಬಿಳಿ ಕಾಗದದ ಮೇಲೆ ಹರಡಿ. ದಿನಪತ್ರಿಕೆ ಬೇಡ, ಅದರ ಮಸಿ ಹತ್ತುತ್ತದೆ. ಫ್ಯಾನ್ ಆರಿಸಿರಿ. ಮುಕ್ಕಾಲು ಒಣಗಿದ ಮೇಲೆ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ನಿಘಂಟು ಹೇರಿ ಒಂದು ದಿನ ಬಿಡಿ.

ನೀರಿಗೆ ಹಾಕಲೇಬಾರದವೂ ಇವೆ. ನಮ್ಮಲ್ಲಿ 2006ರಲ್ಲಿ ಬಂದ ಶ್ರೀಗಂಧದ ಪರಿಮಳದ ಸ್ಟಾಂಪು, 2017ರ ಕಾಫಿ, ಸ್ವಿಟ್ಜರ್ಲೆಂಡಿನ 2001ರ ಚಾಕೊಲೇಟ್ ಪರಿಮಳದ್ದು, ಆಸ್ಟ್ರಿಯಾದ 2005ರ ಕಸೂತಿಯದು, ಪೋರ್ಚುಗಲ್ಲಿನ 2007ರ ಬಿರಡೆ ತೊಗಟೆಯದು. ಪರಿಮಳ ನೀರಿಗೆ ಹೋದರೆ ಹೋಯಿತು.

ಒಂದು ಮೂಲೆಯಲ್ಲಿ ಮಾತ್ರ ಕೊರೆದಿಟ್ಟಂತೆ ಕಾಲು ಸೀಲು, ಹಿಂದೆ ಅಂಟು ಪೂರ್ತಿ ಹಾಗೇ ಇದ್ದರೆ ಅದು ಅಂಚೆಯಲ್ಲಿ ಓಡಾಡಿದ್ದಲ್ಲ, ಮಾರಲೆಂದೇ ಸೀಲು ಹೊಡೆದದ್ದು. 1960–70ರ ದಶಕದ, ಈಗ ಯುಎಇಗೆ ಸೇರಿರುವ ಅಜ್ಮಾನ್, ಫುಜೇರಾ, ಮನಾಮಾ ಹೆಸರಿನ ಬಣ್ಣದ ದೊಡ್ಡ ಸ್ಟಾಂಪುಗಳು ಹೆಚ್ಚಾಗಿ ಈ ಬಗೆಯವು. ಮಕ್ಕಳಿಗೆ ಕೊಡಿ, ಖುಷಿಪಡುತ್ತಾರೆ.

ಮಳೆಗಾಲ ದಾಟಿಸುವುದು

ಸಂಗ್ರಹ ಹಾಳಾಗುವುದು ಕಳ್ಳರಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಿಂದ. ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೂಸು ಹಿಡಿದ ಕಾಗದದ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ಸಿಲ್ವರ್‌ಫಿಶ್ ಹುಳ ಅಂಟಿನ ಆಸೆಗೆ ಬಂದು ಕಾಗದವನ್ನೂ ಕೆರೆಯುತ್ತದೆ.

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಒಳಗಿನ ತೇವವೂ ಹೊರಬರುವುದಿಲ್ಲ. ಸೆಲ್ಲೊಟೇಪ್, ಫೆವಿಕಾಲ್, ಪುಟವೇ ಅಂಟಂಟಾಗಿರುವ ಫೋಟೊ ಆಲ್ಬಮ್ಮು ಇವೂ ಅದೇ ಸಾಲಿನವು. ಕಾರ್ಡಿಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ, ಸ್ಟಾಂಪಿಗೆ ಆಮ್ಲರಹಿತ ಪುಟಗಳ ಸ್ಟಾಕ್‌ಬುಕ್, ಅಂದರೆ ಸ್ಟಾಂಪ್ ಸಿಕ್ಕಿಸಿಡಲು ಪಟ್ಟಿಗಳಿರುವ ಪುಸ್ತಕ. ಕೊಳ್ಳುವಾಗ ಮೂಸಿ ನೋಡಿ. ಹೊಸ ರೆಕ್ಸಿನ್ ವಾಸನೆ ಹೊಡೆದರೆ ಅದು ಪಿವಿಸಿ. ಅದರಿಂದ ಒಸರುವ ಎಣ್ಣೆಯಂಥ ಪದಾರ್ಥ ಕೆಲವೇ ವರ್ಷಗಳಲ್ಲಿ ಸ್ಟಾಂಪಿನ ಬಣ್ಣ ಎಳೆದುಕೊಳ್ಳುತ್ತದೆ. ನುಸಿಗುಳಿಗೆಯನ್ನು ಆಲ್ಬಮ್ಮಿನೊಳಗೆ ಹಾಕಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ.

ಸ್ಟಾಕ್‌ಬುಕ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಪೇರಿಸಿದರೆ, ಹಿಂದೆ ಅಂಟು ಹಾಗೇ ಇರುವ ಹೊಸ ಸ್ಟಾಂಪುಗಳು ಭಾರಕ್ಕೂ ತೇವಕ್ಕೂ ಪುಟಕ್ಕೆ ಕಚ್ಚಿಕೊಳ್ಳುತ್ತವೆ. ಹೊರಗೋಡೆಗೆ ತಾಗಿದ ಬೀರು ಮಳೆಗಾಲದಲ್ಲಿ ಬೆವರುತ್ತದೆ, ಒಳಗೋಡೆಯ ಬದಿಯದನ್ನು ಆರಿಸಿ, ನಡುವಿನ ಹಲಗೆಯಲ್ಲಿಡಿ. ಗಾಳಿಯಾಡದ ಡಬ್ಬಿಯಾದರೆ ಸಿಲಿಕಾ ಜೆಲ್ ಚೀಲ ಇಡಿ, ಕಾಗದಕ್ಕೆ ತಾಗದಂತೆ. ಬಣ್ಣ ಬದಲಾದ ಮೇಲೆ ಅದು ಇದ್ದೂ ಇಲ್ಲದಂತೆ, ಒಣಗಿಸಬೇಕು ಇಲ್ಲವೇ ಬದಲಿಸಬೇಕು. ನೀಲಿಯಿಂದ ಗುಲಾಬಿಗೆ ತಿರುಗುವ ಜಾತಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಹುರಿಯಬೇಡಿ. ಬಿಸಿಲು ಬಿದ್ದ ಒಣ ದಿನ ಕಿಟಕಿ ತೆರೆದು ಪುಟಗಳನ್ನು ಅರ್ಧ ಗಂಟೆ ಗಾಳಿಗೆ ಬಿಡಿಸಿಡಿ, ನೇರ ಬಿಸಿಲಿಗಲ್ಲ.

ಪ್ರತಿ ಕಾರ್ಡಿಗೂ ಒಂದು ಚೀಟಿ ಬರೆದು ಚೀಲದೊಳಗೆ ಹಿಂದೆ ಸೇರಿಸಿ: ಸೀಲಿನ ತಾರೀಖು, ಕೈ ಸೇರಿದ ತಾರೀಖು, ಊರು, ಸ್ಟಾಂಪುಗಳ ಒಟ್ಟು ಬೆಲೆ. ಕಾರ್ಡಿನ ಮೇಲೆಯೇ ಪೆನ್ನಿನಲ್ಲಿ ಗೀಚಬೇಡಿ. ಸ್ಟಾಂಪಿನ ಸಂಖ್ಯೆ ಬರೆಯುವಾಗ ಯಾವ ಕ್ಯಾಟಲಾಗಿನದು ಎಂದೂ ಬರೆಯಿರಿ. ಮಿಶೆಲ್, ಸ್ಕಾಟ್, ಸ್ಟ್ಯಾನ್ಲಿ ಗಿಬ್ಬನ್ಸ್ ಒಂದೇ ಸ್ಟಾಂಪಿಗೆ ಬೇರೆ ಬೇರೆ ಸಂಖ್ಯೆ ಕೊಡುತ್ತವೆ.

ಕಾರ್ಡು ಮಳೆಯಲ್ಲಿ ನೆನೆದೇ ಬಂದರೆ? ಒರೆಸಬೇಡಿ, ಮಸಿ ಹರಡುತ್ತದೆ. ಟಿಶ್ಯೂ ಕಾಗದವನ್ನು ಮೆಲ್ಲಗೆ ಒತ್ತಿ ನೀರು ಹೀರಿಸಿ. ಬರಹದ ಬದಿ ಮೇಲೆ ಬರುವಂತೆ ಬಲೆಯಂಥ ಜಾಲರಿಯ ಮೇಲಿಟ್ಟು ಫ್ಯಾನಿನ ದೂರದ ಗಾಳಿಗೆ ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಬ್ಲಾಟಿಂಗ್ ಪೇಪರ್ ನಡುವೆ ಭಾರಕ್ಕೆ ಹಾಕಿ. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿದ್ದರೆ ಒಣಗುವ ಮೊದಲೇ ಬಿಡಿಸಬೇಕು, ಹೊಳಪಿನ ಲೇಪ ಒಣಗಿದ ಮೇಲೆ ಬಿಡುವುದಿಲ್ಲ. ಪುಟಕ್ಕೆ ಕಚ್ಚಿದ ಬಿಡಿ ಸ್ಟಾಂಪಿಗಾದರೆ ಇನ್ನೊಂದು ಉಪಾಯ ಉಂಟು. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸ್ಟಾಂಪಿರುವ ತುಂಡು. ಮುಚ್ಚಿ ಒಂದೆರಡು ಗಂಟೆಗೊಮ್ಮೆ ನೋಡುತ್ತಿರಿ. ತೇವದ ಆವಿಗೆ ಅಂಟು ಸಡಿಲವಾದಾಗ ಚಿಮಟದಿಂದ ಮೂಲೆ ಎತ್ತಿದರೆ ತಾನೇ ಬರುತ್ತದೆ.